ಮಾದರಿ ಲಗಮಪ್ಪ

೧೯೬೮ನೆಯ ಇಸವಿ ಫೆಬ್ರುವರಿ ಇಪ್ಪತ್ತಾರನೆಯ ತಾರೀಖು ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ದಾಂಡೇಲಿಯ ಕಾಳೀ ತೀರ ಬಿದಿರು ಸಾಗಣೆ ಮಂಡಳಿಯ ಇನ್ನೂರಾ ಹನ್ನೆರಡು ನೌಕರರ ಪೈಕಿ ಒಬ್ಬರೂ ತಾವಲ್ಲ ಎಂಬುದು ಅಧಿಕೃತವಾಗಿ ಸಿದ್ಧವಾಯಿತು. ಈ ವಿಷಯ ತಿಳಿಸುವ ಕಾಗದವನ್ನು ಆವಕ ರಿಜಿಸ್ಟರಿನಲ್ಲಿ ೩೧೭ನೆಯ ನಂಬರಿಗೆ ದಾಖಲಿಸಿದವನು ನಾನೇ. ಆಗ ನಾನು ಮಂಡಳಿಯ ಆವಕ-ಜಾವಕ ಗುಮಾಸ್ತನಾಗಿದ್ದೆ. ಅಂದರೆ, ಆ ಕಾಗದ ಬರುವವರೆಗೆ ಆಗಿದ್ದೆ.

ಮಂಡಳಿಯ ಕೆಲಸ ಸರಳವಾದದ್ದು. ಜೋಯಿಡಾ, ಹಳಿಯಾಳ, ಮುಂಡಗೋಡ ಕಡೆಯ ಕಾಡುಗಳಲ್ಲಿ ಕಡಿದ ಬಿದಿರು ಲಾರಿಗಳಲ್ಲಿ ನಮ್ಮ ಡಿಪೋಕ್ಕೆ ಬರುತ್ತಿತ್ತು. ಅದನ್ನು ಇಳಿಸಿ, ಎಣಿಸಿ, ಮತ್ತೆ ಅದೇ ಲಾರಿಗೆ ಏರಿಸಿ ಕಾಗದದ ಕಾರ್ಖಾನೆಗೆ ಕಳಿಸುತ್ತಿದ್ದೆವು. ಲಾರಿ ನೇರವಾಗಿ ಕಾರ್ಖಾನೆಗೇ ಹೋದರೆ ಆಗುವುದಿಲ್ಲವೇ ಎಂದು ಹೊಸಬರು ಕೇಳುವುದುಂಟು. ಆಗುತ್ತದೆ. ಆದರೆ ಹಾಗೆ ಹೋದರೆ ಮಂಡಳಿ ಇರುವುದಿಲ್ಲ.

ನಮ್ಮಲ್ಲಿ ಒಂದು ಪದ್ಧತಿ ಇತ್ತು: ಒಮ್ಮೆ ಮಂಜೂರಾದ ಕರಡಿನಲ್ಲಿ ಒಂದಕ್ಷರವನ್ನೂ ಬದಲಿಸಕೂಡದು. ೧೯೫೯ರಲ್ಲಿ ಮಂಡಳಿಗೆ ಮೊಟ್ಟಮೊದಲ ರಜಾ ಅರ್ಜಿ ಬರೆದವನು ಲೋಡಿಂಗಿನ ಚನಬಸಪ್ಪ. ‘ಚಳಿಜ್ವರ ಬಂದಿರುವುದರಿಂದಲೂ ಎಡಗಾಲು ನೋಯುತ್ತಿರುವುದರಿಂದಲೂ’ ಎಂದು ಪಾಪ ಅವನು ಇದ್ದದ್ದನ್ನೇ ಬರೆದಿದ್ದ. ಅರ್ಜಿ ಮಂಜೂರಾಯಿತು, ಅಂದಿನಿಂದ ಅದೇ ಮಾದರಿಯಾಯಿತು. ಮಗಳ ಮದುವೆಗೆ ಹೋಗುವವರೂ, ಮುಂಡಗೋಡದ ಸಂತೆಗೆ ಎತ್ತು ನೋಡಲು ಹೋಗುವವರೂ ಚಳಿಜ್ವರ ಮತ್ತು ಎಡಗಾಲು ಎಂದೇ ಬರೆದು ಹೋಗುತ್ತಿದ್ದರು. ನಮ್ಮ ವ್ಯವಸ್ಥಾಪಕರಾದ ಅಂದಾನೆಪ್ಪನವರು ಸ್ವತಃ ಚಳಿಜ್ವರದ ರಜೆಯಲ್ಲಿ ಮದುವೆಯಾಗಿ, ಎಡಗಾಲಿನ ಮೇಲೆ ಇನ್ನೊಂದು ವಾರ ವಿಸ್ತರಿಸಿಕೊಂಡು ಬಂದವರು. ಇದರಲ್ಲಿ ಯಾರಿಗೂ ವಿಶೇಷವೇನೂ ಕಂಡಿರಲಿಲ್ಲ.

ಪ್ರತಿವರ್ಷ ಫೆಬ್ರುವರಿಯಲ್ಲಿ ಗುರುತಿನ ತಾಳೆ ಎಂಬುದೊಂದು ನಡೆಯುತ್ತಿತ್ತು. ನೌಕರರು ಒಬ್ಬೊಬ್ಬರೇ ಕಿಟಕಿಯ ಮುಂದೆ ಬಂದು ಹೆಸರು ಹೇಳಬೇಕು. ಒಳಗಿನ ಗುಮಾಸ್ತ ದಫ್ತರದಲ್ಲಿರುವ ಹೆಸರಿನ ಜೊತೆ ತಾಳೆ ನೋಡಿ ಹೌದೆಂದು ಗುರುತು ಹಾಕಬೇಕು. ಗುಮಾಸ್ತ ಮುಖ ನೋಡಿ ನಕ್ಕು ಗುರುತು ಹಾಕುತ್ತಿದ್ದ. ೧೯೬೬ರಲ್ಲಿ ತಪಾಸಣೆಗೆ ಬಂದವರು, ಪರಿಚಯದವರನ್ನು ಗುರುತಿಸುವುದು ಪಕ್ಷಪಾತವಾಗುತ್ತದೆ ಎಂದು ಬರೆದು ಹೋದರು. ಮಾತು ನ್ಯಾಯವಾದದ್ದೇ. ಹಾಗಾಗಿ ಯಾರ ಪರಿಚಯವೂ ಇಲ್ಲದ ಒಂದು ಗಣಕಯಂತ್ರಕ್ಕೆ ಈ ಕೆಲಸ ಒಪ್ಪಿಸುವುದೆಂದು ಮಂಡಳಿ ಠರಾವು ಮಾಡಿತು. ಯಂತ್ರ ಇದ್ದದ್ದು ಮುಂಬಯಿಯಲ್ಲಿ.

ಆರು ವಾರದ ತರಬೇತಿಗೆಂದು ಹೆಡ್ ಕ್ಲಾರ್ಕ್ ಅಡಿವೆಯ್ಯನವರನ್ನು ಮುಂಬಯಿಗೆ ಕಳಿಸಲಾಯಿತು. ಹೋಗುವಾಗ ಚಳಿಜ್ವರವೆಂದು ಬರೆದುಕೊಟ್ಟು ಹೋದರು, ಬರುವಾಗ ನಿಜವಾಗಿಯೂ ಹಚ್ಚಿಕೊಂಡು ಬಂದರು. ಅಡಿವೆಯ್ಯನವರು ಬಹಳ ಒಳ್ಳೆಯ ಮನುಷ್ಯ, ಅಕ್ಷರ ಮುತ್ತಿನಂಥದ್ದು. ಅವರು ನಮಗೆ ತಿಳಿಸಿದ್ದು ಇಷ್ಟು: ನಾವು ನಿಯಮಗಳನ್ನು ಬರೆದು ತೂತಿನ ಕಾರ್ಡುಗಳ ಮೇಲೆ ಇಳಿಸಿ ಕಳಿಸಬೇಕು. ನಮ್ಮ ಬರಹ ಯಂತ್ರಕ್ಕೆ ತಿಳಿಯುವುದಿಲ್ಲ. ಅದನ್ನು ಯಂತ್ರದ ಭಾಷೆಗೆ ತರ್ಜುಮೆ ಮಾಡಲಿಕ್ಕೆ ಯಂತ್ರದೊಳಗೇ ಇನ್ನೊಂದು ವ್ಯವಸ್ಥೆ ಇರುತ್ತದೆ. ಮುಂಬಯಿಯವರು ಅದಕ್ಕೆ ಕಂಪೈಲರ್ ಎನ್ನುತ್ತಿದ್ದರು. ನಮ್ಮ ಕಚೇರಿಯಲ್ಲಿ ಅದಕ್ಕೆ ದುಭಾಷಿ ಎಂದು ಹೆಸರಾಯಿತು.

ಮುಂಬಯಿಯವರ ಸಲಹೆ ಏನಿತ್ತೆಂದರೆ, ನಿಯಮ ಒಂದೇ ಇರಲಿ, ಹೆಸರುಗಳ ಪಟ್ಟಿ ಬೇರೆ ಇರಲಿ. ಯಂತ್ರ ಓಡುವ ದಿನ ಪಟ್ಟಿಯಿಂದ ಒಂದೊಂದೇ ಹೆಸರು ತೆಗೆದುಕೊಂಡು ತಾಳೆ ನೋಡುತ್ತದೆ. ಇದು ಅಂದಾನೆಪ್ಪನವರಿಗೆ ಒಪ್ಪಿಗೆಯಾಗಲಿಲ್ಲ. ಹೆಸರಿನ ಜಾಗ ಖಾಲಿ ಬಿಟ್ಟ ಆದೇಶ ಈ ಮಂಡಳಿಯಿಂದ ಇಂದಿನವರೆಗೆ ಹೊರಟಿಲ್ಲ, ಖಾಲಿ ಬಿಟ್ಟರೆ ನಾಳೆ ಯಾರು ಏನು ತುಂಬುತ್ತಾರೋ ಎಂದರು. ಆದ್ದರಿಂದ ಅಡಿವೆಯ್ಯನವರು ಇನ್ನೂರಾ ಹನ್ನೆರಡು ಜನಕ್ಕೆ ಇನ್ನೂರಾ ಹನ್ನೆರಡು ನಿಯಮ ಬರೆದರು. ಎರಡೂ ಹೆಸರು ನಿಯಮದೊಳಗೇ ಬಂದವು. ಮೊದಲನೆಯದು ಹೀಗಿತ್ತು: ‘ಅರ್ಜಿಯಲ್ಲಿಯ ಹೆಸರಾದ ಲಗಮಪ್ಪ ಎಂಬುದು ದಫ್ತರದಲ್ಲಿಯ ಹೆಸರಾದ ಲಗಮಪ್ಪ ಎಂಬುದಕ್ಕೆ ಸಮವಾದಲ್ಲಿ ಹೌದು ಎಂದೂ, ಆಗದಿದ್ದಲ್ಲಿ ಇಲ್ಲ ಎಂದೂ ಅಚ್ಚು ಹಾಕತಕ್ಕದ್ದು.’ ಕಾರ್ಡುಗಳು ಆಪೂಸ್ ಮಾವಿನ ಪೆಟ್ಟಿಗೆಯಲ್ಲಿ ಮುಂಬಯಿಗೆ ಹೋದವು.

ಲಗಮಪ್ಪ ನಮ್ಮ ಗೇಟಿನ ಕಾವಲುಗಾರ. ಕಚೇರಿಗಿಂತ ಮೊದಲೇ ಗೇಟು ಕಟ್ಟಿದ್ದರಿಂದ ದಫ್ತರದಲ್ಲಿ ಕ್ರಮಸಂಖ್ಯೆ ಒಂದು ಅವನದು. ಧಾರವಾಡ ಜಿಲ್ಲೆಯ ಹಳ್ಳಿಯಿಂದ ಹೆಂಡತಿ ಗುರುಬಸವ್ವನನ್ನು ಕರೆದುಕೊಂಡು ಬಂದು ಒಂಬತ್ತು ವರ್ಷವಾಗಿತ್ತು. ಮಂಡಳಿಯ ಒಂಬತ್ತನೆಯ ನಂಬರಿನ ಮನೆಯಲ್ಲಿ ಇದ್ದರು. ಊರಲ್ಲಿದ್ದ ಅವನ ಪಾಲಿನ ಮನೆ ಬಿದ್ದುಹೋಗಿ ಅಲ್ಲೀಗ ಯಾರೋ ದನ ಕಟ್ಟುತ್ತಿದ್ದರು. ಹೀಗಾಗಿ ಈ ಲೋಕದಲ್ಲಿ ಅವರಿಗೆ ಬಾಗಿಲು ಹಾಕಿಕೊಂಡು ಮಲಗಲು ಇದ್ದದ್ದು ಆ ಒಂಬತ್ತನೆಯ ನಂಬರು ಒಂದೇ. ಹಿತ್ತಿಲಲ್ಲಿ ಗುರುಬಸವ್ವ ಹಚ್ಚಿದ ನುಗ್ಗೆಗಿಡ ಮೊಣಕಾಲೆತ್ತರದಿಂದ ಮಾಡಿನೆತ್ತರಕ್ಕೆ ಬಂದಿತ್ತು. ಮಗ್ಗುಲಿನ ಹತ್ತನೆಯ ನಂಬರಿನಲ್ಲಿ ಲೋಡಿಂಗಿನ ಫ್ರಾನ್ಸಿಸ್ ಇದ್ದ; ಹಳಿಯಾಳದ ಕಡೆಯ ಸಿದ್ದಿಗಳವನು. ನುಗ್ಗೆಕಾಯಿ ಅರ್ಧ ಅವನ ಕಡೆಗೇ ಬಾಗಿ ಬಿಡುತ್ತಿದ್ದವು, ಅದಕ್ಕೆ ಯಾರ ತಕರಾರೂ ಇರಲಿಲ್ಲ.

ಮುಂಬಯಿಯಿಂದ ಬಂದ ಪಟ್ಟಿ ಹದಿನಾರು ಪುಟದ್ದು. ಅರ್ಜಿಯ ಹೆಸರು ಲಗಮಪ್ಪ, ದಫ್ತರದ ಹೆಸರು ಲಗಮಪ್ಪ, ತಾಳೆ ಇಲ್ಲ. ಅರ್ಜಿಯ ಹೆಸರು ಫ್ರಾನ್ಸಿಸ್, ದಫ್ತರದ ಹೆಸರು ಫ್ರಾನ್ಸಿಸ್, ತಾಳೆ ಇಲ್ಲ. ಹೀಗೆಯೇ ಕೊನೆಯವರೆಗೆ. ಅಡಿವೆಯ್ಯನವರು ಕನ್ನಡಕ ಒರೆಸಿಕೊಂಡು ಮೂರು ಸಲ ಓದಿದರು. ನಾನು ನನ್ನ ಹೆಸರು ಹುಡುಕಿ ನೋಡಿದೆ, ನಾನೂ ನಾನಾಗಿರಲಿಲ್ಲ. ಮೊದಲು ಸ್ವಲ್ಪ ಬೇಜಾರಾಯಿತು. ಅಂದಾನೆಪ್ಪನವರ ಹೆಸರಿನ ಮುಂದೆಯೂ ಅದೇ ಇರುವುದನ್ನು ಕಂಡ ಮೇಲೆ ಸಮಾಧಾನವಾಯಿತು.

ಅಂದಾನೆಪ್ಪನವರಿಗೆ ಮಾತ್ರ ಒಂದು ತೊಡಕು ಎದುರಾಯಿತು. ತಾಳೆಯಾಗದವರ ಮೇಲೆ ಕ್ರಮ ಕೈಕೊಳ್ಳುವ ಅಧಿಕಾರ ವ್ಯವಸ್ಥಾಪಕರದು; ವ್ಯವಸ್ಥಾಪಕರೇ ತಾಳೆಯಾಗಿಲ್ಲ. ಅವರು ಒಂದು ದಿನ ಯೋಚಿಸಿ ತಮ್ಮ ಹುದ್ದೆಯ ಪ್ರಭಾರವನ್ನು ತಾವೇ ವಹಿಸಿಕೊಂಡರು. ಮರುದಿನ ಈ ಪ್ರಕಟಣೆ ಹೊರಟಿತು:

‘ನಿಯಮ ಹದಿನಾಲ್ಕರ ಪ್ರಕಾರ, ತಾನೇ ಎಂದು ಸಿದ್ಧವಾಗದ ನೌಕರನು ಡಿಪೋದೊಳಗೆ ಪ್ರವೇಶಿಸತಕ್ಕದ್ದಲ್ಲ. ಮಂಡಳಿಯ ವಸತಿಯನ್ನು ಮೇ ೩೧ರ ಸಂಜೆ ಐದು ಗಂಟೆಯೊಳಗಾಗಿ ತೆರವು ಮಾಡತಕ್ಕದ್ದು. ಅಲ್ಲಿಯವರೆಗೆ ಕೆಲಸಗಳನ್ನು ಎಂದಿನಂತೆ ನಡೆಸತಕ್ಕದ್ದು. ಸಹಿ: ಅಂದಾನೆಪ್ಪ ಅಲ್ಲದವರು, ಅಂದಾನೆಪ್ಪನವರ ಪ್ರಭಾರದಲ್ಲಿ.’

ಒಳಗೆ ಬರಕೂಡದು, ಕೆಲಸ ನಿಲ್ಲಕೂಡದು ಎಂದರೆ ಏನೆಂಬುದು ನಮಗೆ ಯಾರಿಗೂ ತಿಳಿಯಲಿಲ್ಲ, ಲಗಮಪ್ಪನಿಗೆ ತಿಳಿಯಿತು. ಅವನು ಪ್ರಾಮಾಣಿಕ ಮನುಷ್ಯ. ಒಳಗಿದ್ದವರನ್ನೆಲ್ಲ ಕೈಮುಗಿದು ಹೊರಗೆ ಕಳಿಸಿದ. ಕೊನೆಗೆ ತನ್ನನ್ನೂ ಕಳಿಸಿಕೊಂಡ. ಗೇಟಿಗೆ ಹೊರಗಿನಿಂದ ಬೀಗ ಹಾಕಿ, ಸ್ಟೂಲು ರಸ್ತೆಯ ಕಡೆ ಇಟ್ಟುಕೊಂಡು ಕೂತ. ಕಚೇರಿ ಎದುರಿನ ಚಹಾದ ಅಂಗಡಿಯ ಬೆಂಚಿಗೆ ಬಂತು. ಬಿದಿರಿನ ಲಾರಿಗಳು ಬಂದು ಗೇಟಿನ ಬೀಗ ನೋಡಿ, ಹಾಗೆಯೇ ಮುಂದೆ ಕಾರ್ಖಾನೆಗೆ ಹೋಗತೊಡಗಿದವು. ಆ ಮೂರು ತಿಂಗಳಲ್ಲಿ ಸಾಗಣೆ ಎರಡರಷ್ಟಾಯಿತು. ಇದನ್ನು ವಾರ್ಷಿಕ ವರದಿಯಲ್ಲಿ ಸೇರಿಸದಿರಲು ತೀರ್ಮಾನಿಸಲಾಯಿತು.

ಮುಂಬಯಿಗೆ ನಾವು ಏಳು ಕಾಗದ ಬರೆದೆವು. ಯಂತ್ರ ತಪ್ಪು ಮಾಡುವುದಿಲ್ಲವೆಂದೂ, ನಿಮ್ಮ ನೌಕರರನ್ನು ಇನ್ನೊಮ್ಮೆ ಸರಿಯಾಗಿ ಪರೀಕ್ಷಿಸಿಕೊಳ್ಳಿರೆಂದೂ ಆರು ಉತ್ತರ ಬಂದವು. ಏಳನೆಯದಕ್ಕೆ ಉತ್ತರವಾಗಿ ಒಬ್ಬ ತಜ್ಞರೇ ಬಂದರು. ಏಪ್ರಿಲ್ ತಿಂಗಳ ಬಿಸಿಲು. ಹುಬ್ಬಳ್ಳಿಯ ಬಸ್ಸಿನಿಂದ ಇಳಿದವರು ಕೋಟು ಕಳಚಿ ಕೈಯಲ್ಲಿ ಹಿಡಿದುಕೊಂಡೇ ಚಹಾದ ಅಂಗಡಿಗೆ ಬಂದರು. ಅವರ ಮಾತು ಮರಾಠಿಯಲ್ಲಿ. ಅಡಿವೆಯ್ಯನವರು ಅದನ್ನು ನಮಗೆ ಹೇಳಿದರು.

ತಜ್ಞರು ಎರಡು ಚೀಟಿ ತೆಗೆದುಕೊಂಡು ಎರಡರ ಮೇಲೂ ಲಗಮಪ್ಪ ಎಂದು ಬರೆಸಿದರು. ಒಂದನ್ನು ಅಂಗಡಿಯ ಸಕ್ಕರೆ ಡಬ್ಬಿಯಲ್ಲಿಯೂ ಇನ್ನೊಂದನ್ನು ಚಹಾಪುಡಿಯ ಡಬ್ಬಿಯಲ್ಲಿಯೂ ಹಾಕಿಸಿದರು. ಯಂತ್ರ ಓಡುವ ದಿನ ತಾಳೆ ನೋಡುವುದಾದರೆ ಅದು ಎರಡೂ ಡಬ್ಬಿ ತೆರೆದು, ಚೀಟಿ ತೆಗೆದು, ಅಕ್ಷರಕ್ಕೆ ಅಕ್ಷರ ಹಚ್ಚಿ ನೋಡುತ್ತದೆ. ಆ ಕೆಲಸದಲ್ಲಿ ದೋಷವಿಲ್ಲ. ಆದರೆ ನಮ್ಮವರು ಎರಡೂ ಹೆಸರನ್ನು ನಿಯಮದಲ್ಲಿಯೇ ಬರೆದುಬಿಟ್ಟಿದ್ದರು. ಎರಡೂ ಮೊದಲೇ ಗೊತ್ತಿರುವಾಗ ಯಂತ್ರ ಓಡುವವರೆಗೆ ಯಾಕೆ ಕಾಯಬೇಕು ಎಂದು ದುಭಾಷಿ ತರ್ಜುಮೆ ಮಾಡುವಾಗಲೇ ತಾಳೆ ಮುಗಿಸಿ, ಬರೀ ಉತ್ತರವನ್ನು ಬರೆದಿಟ್ಟುಬಿಟ್ಟಿದೆ. ಆ ಅವಸರದಲ್ಲಿ ಅದು ಚೀಟಿ ತೆಗೆದು ನೋಡುವುದಿಲ್ಲ. ಡಬ್ಬಿಯನ್ನಷ್ಟೇ ನೋಡುತ್ತದೆ. ಡಬ್ಬಿ ಬೇರೆ, ಆದ್ದರಿಂದ ಹೆಸರು ಬೇರೆ. ದುಭಾಷಿಯನ್ನು ಹುಟ್ಟಿಸಿದವರೇ ಬಿಟ್ಟ ದೋಷ ಇದು, ಈವರೆಗೆ ಯಾರೂ ಕಂಡಿರಲಿಲ್ಲ ಎಂದರು.

ಗಂಡನಿಗೆ ಬುತ್ತಿ ತಂದಿದ್ದ ಗುರುಬಸವ್ವ ಸ್ಟೂಲಿನ ಹಿಂದೆ ನಿಂತು ಇದನ್ನೆಲ್ಲ ಕೇಳಿದಳು.

“ನನ್ನ ಮನ್ಯಾಗ ಎರಡು ಕೊಡ ಅದಾವ್ರಿ. ಕೊಡ ಬ್ಯಾರೆ ಅಂದ್ರ ಒಳಗಿನ ನೀರೂ ಬ್ಯಾರೆ ಆಗತೈತೇನ್ರಿ? ಎರಡರಾಗೂ ಕಾಳೀ ಹೊಳೀದ ನೀರ” ಎಂದಳು.

ತಜ್ಞರು ಇದನ್ನು ಅಡಿವೆಯ್ಯನವರಿಂದ ತಿಳಿದುಕೊಂಡು, ಮುಂಬಯಿಯಲ್ಲಿ ತಾವು ಹದಿನೆಂಟು ಪುಟದಲ್ಲಿ ಬರೆದದ್ದು ಇದನ್ನೇ ಎಂದು ಒಪ್ಪಿಕೊಂಡರು. ದುಭಾಷಿಯನ್ನು ತಿದ್ದಲು ಹದಿನಾಲ್ಕು ತಿಂಗಳು ಬೇಕು. ಅಷ್ಟರವರೆಗೆ ಒಂದು ಉಪಾಯವಿದೆ. ಹೆಸರನ್ನು ಎರಡು ಸಲ ಬರೆಯದೆ ಒಂದೇ ಸಲ ಬರೆದು, ಎರಡೂ ಕಡೆಗೆ ಅದನ್ನೇ ತೋರಿಸಿದರೆ ಡಬ್ಬಿ ಒಂದೇ ಆಗುತ್ತದೆ, ತಾಳೆಯಾಗುತ್ತದೆ. ಹಾಗೆ ಮಾಡಿದರೆ ಯಾವ ಹೆಸರು ಬರೆದರೂ ತಾಳೆಯಾಗುತ್ತದಲ್ಲವೇ ಎಂದು ಅಡಿವೆಯ್ಯನವರು ಕೇಳಿದರು. ಆಗುತ್ತದೆ, ಅದೇ ಅದರ ಅನುಕೂಲ ಎಂದು ತಜ್ಞರು ಉತ್ತರಿಸಿದರು.

ಪರೀಕ್ಷೆಗೆಂದು ಕ್ರಮಸಂಖ್ಯೆ ಒಂದರ ಹೊಸ ಕಾರ್ಡನ್ನು ತಜ್ಞರು ತಮ್ಮ ಕೈಯಲ್ಲಿಯೇ ತಯಾರಿಸಿ ಮುಂಬಯಿಗೆ ಒಯ್ದರು. ವಾರದ ಮೇಲೆ ಕಾರ್ಡು ತಿರುಗಿ ಬಂತು. ಅದಕ್ಕೂ ಮುಂಚೆ ತಾರು ಬಂತು: ಲಗಮಪ್ಪ ಲಗಮಪ್ಪನೇ. ಅಂಗಡಿಯವನು ಅಂದು ಎಲ್ಲರಿಗೂ ಪುಕ್ಕಟೆ ಚಹಾ ಕೊಟ್ಟ. ಗುರುಬಸವ್ವ ಮನೆಗೆ ಹೋಗಿ ಗಂಟು ಕಟ್ಟಿದ್ದ ಪಾತ್ರೆಗಳನ್ನು ಬಿಚ್ಚಿ ಮತ್ತೆ ಮಾಡದಲ್ಲಿಟ್ಟಳು. ಅಂದಾನೆಪ್ಪನವರು ಆ ಕಾರ್ಡಿನ ಮೇಲೆ ‘ಮಂಜೂರು’ ಎಂದು ಬರೆದು ಮೊಹರು ಒತ್ತಿದರು.

ಮಿಕ್ಕ ಕಾರ್ಡುಗಳನ್ನು ತಯಾರಿಸಲು ಕೂತಾಗ ಅಡಿವೆಯ್ಯನವರಿಗೆ ಕೈ ತಡೆಯಿತು. ಮಂಜೂರಾದ ಕರಡಿನಲ್ಲಿ ಲಗಮಪ್ಪ ಎಂದಿದೆ. ಕ್ರಮಸಂಖ್ಯೆ ಎರಡು ಲಗಮಪ್ಪನಲ್ಲ. ಅವರು ಎದ್ದು ಹೋಗಿ ಬೆಂಚಿನ ಇನ್ನೊಂದು ತುದಿಯಲ್ಲಿದ್ದ ಅಂದಾನೆಪ್ಪನವರ ಮುಂದೆ ನಿಂತು, ಹೆಸರಿನ ಜಾಗದಲ್ಲಿ ಆಯಾ ನೌಕರನ ಹೆಸರು ಹಾಕಬಹುದೇ ಎಂದು ವಿನಯದಿಂದ ಕೇಳಿದರು.

“ಅಡಿವೆಯ್ಯನವರ, ಮಂಜೂರಾದ ಕರಡಿನ್ಯಾಗ ಅಕ್ಷರ ಮುಟ್ಟಬಾರ್ದು ಅಂತ ನಿಮಗ ನಾ ಹೇಳಬೇಕೇನು? ನನ್ನ ಲಗ್ನಕ್ಕ ನಾ ಚಳಿಜ್ವರ ಅಂತ ಬರದು ಹೋಗೇನಿ. ನನ್ನ ಮಾವನವರು ಡಾಕ್ಟರನ್ನ ಕರಕೊಂಡು ಬಂದು ಮಂಟಪದಾಗ ಕುಂಡ್ರಿಸಿದ್ರು. ನಾ ಏನರ ಅಂದೆನೇನು?”

ಅಡಿವೆಯ್ಯನವರು ತಿರುಗಿ ಬಂದು ಇನ್ನೂರಾ ಹನ್ನೊಂದು ಕಾರ್ಡುಗಳ ಮೇಲೆ ಲಗಮಪ್ಪ ಎಂದು ತೂತು ಹೊಡೆದರು. ಮಂಜೂರಾದ ಮೂಲ ಕಾರ್ಡನ್ನು ಮಾತ್ರ ಕಳಿಸುವಂತಿರಲಿಲ್ಲ. ಮಾದರಿಯನ್ನು ಮಾದರಿಯ ಜೊತೆಗೇ ತಾಳೆ ನೋಡುವುದು ಪಕ್ಷಪಾತವಾದೀತೆಂದು ಅದರ ಮೇಲೆ ‘ಮಾದರಿ, ತಾಳೆಗೆ ಅಲ್ಲ’ ಎಂದು ಬರೆದು ತಿಜೋರಿಯಲ್ಲಿಡಲಾಯಿತು.

ಮೇ ಇಪ್ಪತ್ತರಂದು ಎರಡನೆಯ ಪಟ್ಟಿ ಬಂತು. ಇನ್ನೂರಾ ಹನ್ನೊಂದು ಸಾಲು. ಪ್ರತಿ ಸಾಲಿನಲ್ಲೂ ಲಗಮಪ್ಪ, ಲಗಮಪ್ಪ, ಹೌದು. ಅಂದಾನೆಪ್ಪನವರು ಲಗಮಪ್ಪ, ಅಡಿವೆಯ್ಯನವರು ಲಗಮಪ್ಪ, ಫ್ರಾನ್ಸಿಸ್ ಲಗಮಪ್ಪ, ನಾನು ಲಗಮಪ್ಪ. ಆವತ್ತಿನಿಂದ ಆವಕ ರಿಜಿಸ್ಟರಿನಲ್ಲಿ ನನ್ನ ಸಹಿ ಹಾಗೆಯೇ ಇದೆ, ಬೇಕಾದವರು ನೋಡಬಹುದು. ಗೇಟಿನ ಬೀಗ ತೆಗೆಯಲಾಯಿತು. ಎಲ್ಲ ಲಗಮಪ್ಪರೂ ಸಾಲಾಗಿ ಒಳಗೆ ಹೋದರು. ಹೊರಗೆ ಉಳಿದವನು ಲಗಮಪ್ಪ ಒಬ್ಬನೇ.

ಪಟ್ಟಿಯಲ್ಲಿ ಅವನಿರಲಿಲ್ಲ. ಪಟ್ಟಿಯಲ್ಲಿ ಇಲ್ಲದವನು ನೌಕರನಲ್ಲ, ನೌಕರನಲ್ಲದವನು ಮೇ ೩೧ರೊಳಗೆ ಒಂಬತ್ತನೆಯ ನಂಬರು ಬಿಡಬೇಕು. ಅವನು ಯಾರ ಮೇಲೂ ಸಿಟ್ಟು ಮಾಡಲಿಲ್ಲ. ಸ್ಟೂಲು ಎತ್ತಿ ಅಂಗಡಿಯವನಿಗೆ ಕೊಟ್ಟು, ಕೀಲಿಗೊಂಚಲನ್ನು ಗೇಟಿನ ಹೊರಗಿನಿಂದಲೇ ನನ್ನ ಕೈಗೆ ಕೊಟ್ಟು, ರಶೀದಿ ಕೇಳಿದ. ರಶೀದಿ ಬರೆಯುವಾಗ ನನಗೆ ಕೆಟ್ಟೆನಿಸಿತು. ‘ಕೀಲಿಗಳನ್ನು ಕೊಟ್ಟವನು’ ಎಂಬಲ್ಲಿ ಯಾವ ಹೆಸರು ಬರೆಯಬೇಕೆಂದು ತಿಳಿಯದೆ ಖಾಲಿ ಬಿಟ್ಟೆ. ನನ್ನ ಸೇವೆಯಲ್ಲಿ ನಾನು ಖಾಲಿ ಬಿಟ್ಟ ಜಾಗ ಅದೊಂದೇ.

ಅಡಿವೆಯ್ಯನವರು ಬಹಳ ಕಷ್ಟಪಟ್ಟು ನಿಯಮಗಳ ಪುಸ್ತಕದಲ್ಲಿ ಒಂದು ದಾರಿ ಹುಡುಕಿದರು. ಗುರುತಿನ ಬಗ್ಗೆ ಸಂದೇಹ ಬಂದಲ್ಲಿ ಅತ್ಯಂತ ಸಮೀಪದ ಸಂಬಂಧಿಯು ವ್ಯವಸ್ಥಾಪಕರ ಸಮಕ್ಷಮ ಹಾಜರಾಗಿ, ನೌಕರನ ಹೆಸರನ್ನು ತನ್ನ ಬಾಯಿಂದ ಹೇಳಿದರೆ ಸಾಕು. ಮೇ ಇಪ್ಪತ್ತನಾಲ್ಕಕ್ಕೆ ವಿಚಾರಣೆ ಗೊತ್ತಾಯಿತು. ಗುರುಬಸವ್ವ ಇಳಕಲ್ಲ ಸೀರೆ ಉಟ್ಟುಕೊಂಡು ಬಂದಳು. ಗಂಡ ಗೇಟಿನ ಹೊರಗೇ ನಿಂತ. ಬರೆದುಕೊಳ್ಳಲು ನಾನು ಕೂತೆ.

“ಆ ಗೇಟಿನ ಕಡೆ ನಿಂತಾರಲ್ಲ, ಅವರು ನಿಮಗ ಏನಾಗಬೇಕ್ರಿ?” ಎಂದು ಅಂದಾನೆಪ್ಪನವರು ಕೇಳಿದರು.

“ನಮ್ಮ ಯಜಮಾನ್ರು ರೀ.”

“ಅವರ ಹೆಸರು?”

ಗುರುಬಸವ್ವ ಸೆರಗು ಸರಿ ಮಾಡಿಕೊಂಡು ಗೇಟಿನ ಕಡೆ ನೋಡಿದಳು. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಗಂಡನ ಹೆಸರು ಹಿಡಿದು ಒಮ್ಮೆಯೂ ಅವಳು ಆಡಿರಲಿಲ್ಲ. ನಮ್ಮ ಕಡೆಯ ಯಾವ ಹೆಂಗಸೂ ಆಡುತ್ತಿರಲಿಲ್ಲ. ಅಂದಾನೆಪ್ಪನವರ ಮನೆಯವರೂ ಆಡುತ್ತಿರಲಿಲ್ಲ, ಅದು ಅವರಿಗೂ ಗೊತ್ತಿತ್ತು. ಆದರೆ ಅವರ ಮುಂದಿದ್ದ ನಮೂನೆಗೆ ಗೊತ್ತಿರಲಿಲ್ಲ.

“ನಿಮಗೆಲ್ಲಾರಿಗೂ ಗೊತ್ತೈತಲ್ರಿ. ನೀವೆಲ್ಲಾರೂ ಈಗ ಅವರ ಹೆಸರನ್ನ ಇಟ್ಕೊಂಡೀರಿ” ಎಂದಳು ಕೊನೆಗೆ.

ಅದು ಉತ್ತರವಾಗುವುದಿಲ್ಲ, ಬಾಯಿಂದ ಹೇಳಬೇಕು ಎಂದರು ಅಂದಾನೆಪ್ಪನವರು.

“ಹಂಗಾದ್ರ ಒಡಪ ಕಟ್ಟಿ ಹೇಳ್ತೇನ್ರಿ. ನಮ್ಮ ಮದುವ್ಯಾಗ ಹೊಸ್ತಿಲದಾಗ ನಿಂತು ಹೇಳಿದ್ದೆ. ಅದರಾಗ ಹೆಸರು ಬರತೈತಿ.”

ಅಂದಾನೆಪ್ಪನವರು ಅಡಿವೆಯ್ಯನವರನ್ನು ನೋಡಿದರು. ಅಡಿವೆಯ್ಯನವರು ಪುಸ್ತಕ ತಿರುವಿ, ನಿಯಮಗಳಲ್ಲಿ ಪದ್ಯಕ್ಕೆ ಅವಕಾಶವಿಲ್ಲವೆಂದು ಸಣ್ಣ ದನಿಯಲ್ಲಿ ತಿಳಿಸಿದರು. ‘ಸಂಬಂಧಿಯು ಸದರಿಯವನ ಹೆಸರನ್ನು ಅರಿಯಳು’ ಎಂದು ಅಂದಾನೆಪ್ಪನವರು ಬರೆಸಿದರು. ನಾನು ಬರೆದೆ. ಗುರುಬಸವ್ವ ಅದರ ಕೆಳಗೆ ಹೆಬ್ಬೆಟ್ಟು ಒತ್ತಿ ಹೊರಗೆ ಹೋದಳು. ಆ ಹೆಬ್ಬೆಟ್ಟಿನ ಗುರುತನ್ನು ನೋಡಲು ನಮಗೆ ಯಾರಿಗೂ ಮುಖವಿರಲಿಲ್ಲ, ಆದರೂ ನೋಡಿದೆವು. ಅಂದಾನೆಪ್ಪನವರು ಆ ದಿನ ಮಧ್ಯಾಹ್ನ ಊಟಕ್ಕೆ ಹೋಗಲಿಲ್ಲ. ಅವರು ಕೆಟ್ಟವರಲ್ಲ, ವ್ಯವಸ್ಥಾಪಕರು ಅಷ್ಟೆ.

ಇಪ್ಪತ್ತೆಂಟನೆಯ ತಾರೀಖಿಗೆ ಇನ್ನೊಂದು ಪ್ರಕಟಣೆ ಹೊರಡಿಸಬೇಕಾಯಿತು. ಗೇಟಿನಲ್ಲಿ ಯಾರೂ ಇಲ್ಲದ್ದರಿಂದ ಕಾವಲುಗಾರನ ಜಾಗಕ್ಕೆ ಅರ್ಜಿ ಕರೆಯಲಾಗಿತ್ತು. ಕೊನೆಯ ಷರತ್ತು ಹೀಗಿತ್ತು: ‘ಮಂಡಳಿಯಲ್ಲಿ ಸದ್ಯ ಸಾಕಷ್ಟು ಲಗಮಪ್ಪರು ಇರುವುದರಿಂದ ಆ ಹೆಸರಿನವರು ಅರ್ಜಿ ಹಾಕತಕ್ಕದ್ದಲ್ಲ.’ ಜಾಗ ಅವನದೇ, ಅರ್ಜಿ ಹಾಕಲಾರದವನೂ ಅವನೊಬ್ಬನೇ.

ಆ ಸಂಜೆ ಪ್ರಕಟಣೆಯ ಪ್ರತಿ ಕೊಡಲು ನಾನೇ ಒಂಬತ್ತನೆಯ ನಂಬರಿಗೆ ಹೋಗಿದ್ದೆ. ಪಾತ್ರೆಗಳು ಮತ್ತೆ ಗಂಟಿನಲ್ಲಿದ್ದವು. ಲಗಮಪ್ಪ ಕಟ್ಟೆಯ ಮೇಲೆ ಕೂತು ಪ್ರಕಟಣೆ ಓದಿಸಿಕೊಂಡು ಕೇಳಿದ. ಗೋಡೆಯಾಚೆ ನುಗ್ಗೆಕಾಯಿ ಕೊಯ್ಯುತ್ತಿದ್ದ ಫ್ರಾನ್ಸಿಸನೂ ಕೇಳಿಸಿಕೊಂಡ. ಕಾಯಿಗಳನ್ನು ಹೆಗಲ ಮೇಲೆ ಹಾಕಿಕೊಂಡು ಈಚೆ ಬಂದ.

“ಲಗಮಣ್ಣಾ, ನನ್ನ ಹೆಸರು ಖಾಲಿ ಬಿದ್ದೈತಿ. ಯಾರೂ ಉಪಯೋಗ ಮಾಡಾಕತ್ತಿಲ್ಲ. ನೀ ತಗೋ” ಎಂದ.

ಲಗಮಪ್ಪ ಪ್ರಕಟಣೆಯ ಪ್ರತಿಯನ್ನು ಮಡಚಿ ಕಟ್ಟೆಯ ಮೇಲಿಟ್ಟ.

“ಮುಂದ ನಿನಗ ಬೇಕಾದ್ರ?”

“ಬೇಕಾದಾಗ ಗ್ವಾಡಿ ಮ್ಯಾಲಿಂದ ಕೇಳ್ತೇನಿ. ಮಗ್ಗಲದಾಗ ಇರ್ತೀ ಅಲ್ಲ.”

ಹೀಗೆ ಜೂನ್ ಒಂದರಿಂದ ಜಾರಿಗೆ ಬರುವಂತೆ ಫ್ರಾನ್ಸಿಸ್ ಎಂಬವನನ್ನು ಗೇಟಿನ ಕಾವಲಿಗೆ ಹೊಸದಾಗಿ ನೇಮಿಸಲಾಯಿತು. ಹಿಂದಿನ ಅನುಭವ ಏನೂ ಇಲ್ಲವೆಂದು ದಾಖಲಾಯಿತು. ಆದರೂ ಮೊದಲ ದಿನವೇ ಯಾವ ಕೀಲಿ ಯಾವ ಬೀಗದ್ದೆಂದು ಅವನಿಗೆ ಗೊತ್ತಿದ್ದುದನ್ನು ಅಂದಾನೆಪ್ಪನವರು ಮೆಚ್ಚಿ ಅವನ ಸೇವಾ ಪುಸ್ತಕದಲ್ಲಿ ಬರೆದರು.

ಅದಕ್ಕೂ ಮುಂಚೆ ಮನೆಯ ವಿಷಯ ತೀರಬೇಕಾಗಿತ್ತು. ದಫ್ತರದ ಪ್ರಕಾರ ಫ್ರಾನ್ಸಿಸನ ಮನೆ ಹತ್ತು, ಲಗಮಪ್ಪನ ಮನೆ ಒಂಬತ್ತು. ಮನೆ ಅದಲುಬದಲು ಮಾಡಿಕೊಳ್ಳಿರೆಂದು ಆದೇಶವಾಯಿತು. ಗುರುಬಸವ್ವ, ತಾನು ನೀರು ಹಾಕಿ ಬೆಳೆಸಿದ ಗಿಡ ಬಿಟ್ಟು ಏಳುವುದಿಲ್ಲ ಎಂದು ಹೊಸ್ತಿಲಲ್ಲಿ ಕೂತಳು. ಮಾತಿಗೆ ಅರ್ಥವಿತ್ತು. ಮೇ ೩೧ರ ಸಂಜೆ ಐದಕ್ಕೆ ಐದು ನಿಮಿಷವಿರುವಾಗ ಪೇಂಟರನನ್ನು ಕರೆಸಿ, ಒಂಬತ್ತನ್ನು ಹತ್ತೆಂದೂ ಹತ್ತನ್ನು ಒಂಬತ್ತೆಂದೂ ಬರೆಸಲಾಯಿತು. ಒಂಬತ್ತನೆಯ ನಂಬರು ವೇಳೆಯೊಳಗೆ ತೆರವಾಯಿತೆಂದು ನಾನು ವರದಿ ಕಳಿಸಿದೆ. ಒಂಬತ್ತರ ಮೇಲೆ ಮಿಕ್ಕ ಇನ್ನೂರಾ ಹತ್ತು ಲಗಮಪ್ಪರಿಗೂ ಹಕ್ಕಿತ್ತು. ನಮಗೆ ಆ ಮನೆ ಬೇಡವೆಂದು ಎಲ್ಲರೂ ಬರೆದುಕೊಟ್ಟೆವು. ಮಂಜೂರಾದ ಅರ್ಜಿಯ ಮಾದರಿ ಒಂದೇ ಇದ್ದುದರಿಂದ, ಕಾರಣ ಚಳಿಜ್ವರ ಮತ್ತು ಎಡಗಾಲು.

ಹದಿನಾಲ್ಕು ತಿಂಗಳಿಗೆ ಸರಿಯಾಗಿ ೧೯೬೯ರ ಜೂನಿನಲ್ಲಿ ತಿದ್ದಿದ ದುಭಾಷಿ ಬಂತು. ಈಗ ಅದು ಅವಸರದಲ್ಲಿಯೂ ಡಬ್ಬಿ ತೆರೆದು ಅಕ್ಷರ ಓದುತ್ತಿತ್ತು. ಹೊಸ ಪಟ್ಟಿ ಬಂದಾಗ ನಾವೆಲ್ಲ ಸುತ್ತ ನಿಂತು ನೋಡಿದೆವು. ಲಗಮಪ್ಪ, ಲಗಮಪ್ಪ, ಹೌದು, ಇನ್ನೂರಾ ಹನ್ನೊಂದು ಸಲ. ಕೊನೆಯಲ್ಲಿ ಫ್ರಾನ್ಸಿಸ್, ಫ್ರಾನ್ಸಿಸ್, ಹೌದು. ಒಂದು ದೋಷವೂ ಇರಲಿಲ್ಲ. ಮುಂಬಯಿಯ ತಜ್ಞರು ತಮ್ಮ ಕಾಗದದಲ್ಲಿ, ಇಡೀ ದೇಶದಲ್ಲಿ ಇಷ್ಟು ಕರಾರುವಾಕ್ಕಾದ ದಫ್ತರ ಇನ್ನೊಂದಿಲ್ಲ ಎಂದು ಅಭಿನಂದಿಸಿದ್ದರು.

ಅಡಿವೆಯ್ಯನವರಿಗೆ ಮಾತ್ರ ಸಮಾಧಾನವಿರಲಿಲ್ಲ. ಈಗ ದುಭಾಷಿ ಸರಿಯಾಗಿದೆ, ಅರ್ಜಿ ಕೊಟ್ಟರೆ ಮೊದಲಿನ ಹೆಸರುಗಳನ್ನು ತಿರುಗಿ ಕೊಡಿಸಬಹುದು, ಶುರು ಮಾಡುವುದಾದರೆ ಕ್ರಮಸಂಖ್ಯೆ ಒಂದರಿಂದಲೇ ಮಾಡೋಣ ಎಂದು ನನ್ನನ್ನು ಕರೆದುಕೊಂಡು ಸಂಜೆ ಆ ಮನೆಗೆ ಹೋದರು. ಲಗಮಪ್ಪ ಎಲ್ಲ ಕೇಳಿ, ಗೋಡೆಯಾಚೆಯ ಫ್ರಾನ್ಸಿಸನನ್ನು ಕೇಳಿದ. ನನಗೇನೂ ಅವಸರವಿಲ್ಲ, ನಿನಗೆ ಹೇಗೆ ತೋರುತ್ತದೋ ಹಾಗೆ ಮಾಡು ಎಂದು ಅವನು ಅಂದ. ಲಗಮಪ್ಪ ತಲೆ ಕೆರೆದುಕೊಂಡು ಅಡಿಗೆಮನೆಯ ಕಡೆ ನೋಡಿದ.

ಗುರುಬಸವ್ವ ಒಲೆಯ ಮುಂದಿನಿಂದ ಎದ್ದು ಬಾಗಿಲಿಗೆ ಬಂದಳು.

“ಅರ್ಜಿ ಬ್ಯಾಡ್ರಿ, ಅಡಿವೆಯ್ಯನವರ” ಎಂದಳು. “ಹತ್ತೊಂಬತ್ತು-ಇಪ್ಪತ್ತು ವರ್ಷ ಏನ್ರೀ, ಕೇಳಸ್ತೇನ್ರೀ ಅಂತ ಗ್ವಾಡಿಗೆ ಹೇಳಿದಂಗ ಹೇಳೇನಿ. ಇವರು ಕೇಳಿದ್ರೋ ಇಲ್ಲೋ ಅಂತ ಎದ್ದು ಬಂದು ನೋಡಬೇಕಾಗಿತ್ತು. ಈಗ ಹೆಸರು ಹಿಡದು ಕರೀತೇನಿ, ಯಾರೂ ಏನೂ ಅನ್ನಂಗಿಲ್ಲ. ಅದು ಇವರ ಹೆಸರಲ್ಲ, ಸರ್ಕಾರದ್ದು. ಬಾಯಿ ತುಂಬ ಕರೀಬೌದು. ನನಗ ಛಲೋ ಅನಸೇತಿ, ಇರ್ಲಿ ಬಿಡ್ರಿ.”

ಅಡಿವೆಯ್ಯನವರು ತಂದಿದ್ದ ಅರ್ಜಿಯ ನಮೂನೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಗುರುಬಸವ್ವ ಒಳಗೆ ಹೋಗಿ ತಾಟು ಹಾಕಿದಳು. ಅಲ್ಲಿಂದಲೇ ಕರೆದಳು:

“ಫ್ರಾನ್ಸಿಸ್, ರೊಟ್ಟಿ ಆರತಾವು, ಏಳ್ರಿ.”

ನಮ್ಮ ಲಗಮಪ್ಪ ಎದ್ದ. ಗೋಡೆಯಾಚೆ ಕುರ್ಚಿ ಸರಿದ ಸಪ್ಪಳವಾಯಿತು; ಅವನೂ ಎದ್ದಿರಬೇಕು. ಆಮೇಲೆ ತಾನು ಲಗಮಪ್ಪನೆಂಬುದು ನೆನಪಾಗಿ ಮತ್ತೆ ಕೂತ ಸಪ್ಪಳವೂ ಆಯಿತು. ಮರುದಿನ ನಾನು ಜಾವಕ ೧೧೦೪ರ ಪ್ರಕಾರ ಮುಂಬಯಿಗೆ ಉತ್ತರ ಬರೆದೆ. ಪಟ್ಟಿ ಸರಿಯಾಗಿದೆ, ಯಾರ ತಕರಾರೂ ಇಲ್ಲ. ಸಹಿ: ಲಗಮಪ್ಪ.